ಕುರ್ಚಿ ಕೊಟ್ಟಿದ್ದೀರಿ, ಚೆಕ್‌ಬುಕ್ಕನ್ನೂ ಕೊಡಿ

ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಹಣ ಕೊಡುವ ಕಂಪನಿಗಳ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಸಮಿತಿಯವರಿಗೆ, ಆ ಸಂಸ್ಥೆಗಳ ಟ್ರಸ್ಟಿಗಳಿಗೆ,

ನಮಸ್ಕಾರ.

ನಾನು ಮಂಡ್ಯ ಜಿಲ್ಲೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ಹೆಣ್ಣುಮಕ್ಕಳ ಸಂಘ, ಸಾಲ, ಆರೋಗ್ಯ, ಶಾಲೆ ಬಿಟ್ಟ ಮಕ್ಕಳು, ಇವು ನಮ್ಮ ಕೆಲಸ. ನಿಮಗೆ ಪ್ರಪೋಸಲ್ ಬರೆದಿದ್ದೇನೆ, ರಿಪೋರ್ಟ್ ಬರೆದಿದ್ದೇನೆ, ಕೃತಜ್ಞತೆಯ ಪತ್ರಗಳನ್ನೂ ಬರೆದಿದ್ದೇನೆ. ಅವು ಯಾವುದರಲ್ಲೂ ಹೇಳಲು ಜಾಗ ಸಿಗದ ಒಂದು ವಿಷಯ ಇದೆ. ಅದನ್ನು ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದು ನಮ್ಮ ಒಂದು ಸಂಸ್ಥೆಯ ಗೋಳಾಗಿದ್ದರೆ ನೇರವಾಗಿ ನಿಮ್ಮ ಆಫೀಸಿಗೇ ಬಂದು ಹೇಳುತ್ತಿದ್ದೆ.

ಊರಲ್ಲಿ ಹುಟ್ಟಿ, ಊರಲ್ಲೇ ಓಡಾಡಿ ಕೆಲಸ ಕಲಿತ ಹೆಂಗಸರು, ದಲಿತರು, ಆದಿವಾಸಿಗಳು ಈಗೀಗ ಸಂಸ್ಥೆಗಳ ಮುಖ್ಯಸ್ಥರಾಗುತ್ತಿದ್ದಾರೆ. ಇದಕ್ಕೆ ನನಗೆ ನಿಜವಾಗಿಯೂ ಸಂತೋಷ ಇದೆ. ಆದರೆ ಅವರಿಗೆ ಸಿಗುತ್ತಿರುವುದು ಕುರ್ಚಿ ಮಾತ್ರ. ಬದುಕಲು ಆಗುವಷ್ಟು ಸಂಬಳ ಇಲ್ಲ, ಕೆಲಸ ನೆಲೆ ನಿಲ್ಲುವಷ್ಟು ಸಮಯ ಇಲ್ಲ, ಒಂದು ಚೆಕ್‌ಗೆ ಸಹಿ ಹಾಕುವ ಅಧಿಕಾರವೂ ಇಲ್ಲ. ಎರಡು ವರ್ಷ ಒದ್ದಾಡಿ ಅವರು ಸುಸ್ತಾದಾಗ, 'ಪಾಪ, ಅವರ ಕೈಲಿ ಆಗಲಿಲ್ಲ' ಅಂತ ಇನ್ಯಾರನ್ನೋ ತಂದು ಕೂರಿಸುತ್ತಾರೆ.

ನಮ್ಮ ನಿರ್ದೇಶಕಿಯನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಪಾಂಡವಪುರದ ಕಡೆಯವರು. 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದಾಗ ತಮ್ಮೂರಿನ ಸಂಘದ ಲೆಕ್ಕ ಬರೆಯುತ್ತಿದ್ದರು, ಯಾಕಂದ್ರೆ ಆ ಸಂಘದಲ್ಲಿ ಪಿಯುಸಿ ತನಕ ಓದಿದ್ದವರು ಅವರೊಬ್ಬರೇ. ಅಲ್ಲಿಂದ ನಮ್ಮ ಸಂಸ್ಥೆಗೆ ಕಾರ್ಯಕರ್ತೆಯಾಗಿ ಬಂದರು, ಆಮೇಲೆ ಸಂಯೋಜಕಿಯಾದರು, ನಮ್ಮ ಸ್ಥಾಪಕರಿಗೆ ವಯಸ್ಸಾಗಿ ಓಡಾಡಲು ಆಗದೇ ಇದ್ದಾಗ ನಿರ್ದೇಶಕಿಯಾದರು. ಯಾವ ಊರಲ್ಲಿ ಯಾವ ಮನೆಯ ಬಾಗಿಲು ತಟ್ಟಬೇಕು, ಯಾವ ಮನೆಗೆ ಹಿತ್ತಲ ಕಡೆಯಿಂದ ಹೋಗಬೇಕು ಅಂತ ಅವರಿಗೆ ಗೊತ್ತು.

2024ರ ಮಳೆಗಾಲದಲ್ಲಿ ಮೈಸೂರಿನ ಒಂದು ಕಂಪನಿಗೆ ಅನುದಾನ ಕೇಳಲು ಹೋಗಿದ್ದೆವು. ಅಕ್ಕ, ನಾನು, ಜೊತೆಗೆ ನಮ್ಮ ಲೆಕ್ಕ ನೋಡಿಕೊಳ್ಳುವ ಹುಡುಗ. ಅವನು ಬಿ.ಕಾಂ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಒಳಗೆ ಹೋದ ತಕ್ಷಣ ಅಲ್ಲಿನ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, 'ನಿಮ್ಮ ಸರ್ ಬರ್ಲಿಲ್ವಾ?' ಅಕ್ಕ, 'ನಾನೇ ಸರ್ ನಿರ್ದೇಶಕಿ' ಅಂದರು. 'ಓಕೆ ಓಕೆ, ಕೂತ್ಕೊಳ್ಳಮ್ಮ' ಅಂದರು. ಅಲ್ಲಿಂದ ಮುಂದೆ ಎಲ್ಲ ಪ್ರಶ್ನೆಯೂ ಇಂಗ್ಲಿಷ್‌ನಲ್ಲಿ, ಎಲ್ಲವೂ ಆ ಹುಡುಗನ ಮುಖ ನೋಡಿಕೊಂಡು. ಅವನು ಪ್ರತಿ ಸಲ ಅಕ್ಕನ ಕಡೆ ತಿರುಗುತ್ತಿದ್ದ. ಅಧಿಕಾರಿ ಮಾತ್ರ ತಿರುಗಲಿಲ್ಲ.

ಒಂದು ಹಂತದಲ್ಲಿ ಅಕ್ಕ ತಮ್ಮ ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಾರ್ಡ್ ತೆಗೆದು ಮೇಜಿನ ಮೇಲೆ ಇಟ್ಟರು. ಮೈಕ್ರೋಫೈನಾನ್ಸ್ ಸಾಲದ ಕಂತಿನ ಕಾರ್ಡುಗಳು. ನಾಲ್ಕೂ ಒಬ್ಬಳೇ ಹೆಂಗಸಿನವು, ಅವಳನ್ನು ಕೇಳಿಯೇ ತಂದಿದ್ದರು. ಸೋಮವಾರ ಒಂದು ಕಂಪನಿಗೆ ಕಟ್ಟಬೇಕು, ಬುಧವಾರ ಇನ್ನೊಂದಕ್ಕೆ, ಶುಕ್ರವಾರ ಮತ್ತೊಂದಕ್ಕೆ, ತಿಂಗಳಿಗೊಮ್ಮೆ ನಾಲ್ಕನೆಯದಕ್ಕೆ. ಎರಡನೇ ಸಾಲ ತೆಗೆದದ್ದು ಮೊದಲನೆಯದರ ಕಂತು ಕಟ್ಟಲು, ಮೂರನೆಯದು ಎರಡನೆಯದಕ್ಕೆ. ಕಾರ್ಡಿನ ಮೇಲಿನ ತಾರೀಖುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ತೋರಿಸಿದರು. 'ಸರ್, ಇಂಥವರು ಒಬ್ಬಿಬ್ಬರಲ್ಲ, ಬೀದಿಗೊಬ್ಬರು ಸಿಗ್ತಾರೆ. ಟೈಲರಿಂಗ್ ಕಲಿಸಿದ್ರೆ ಮೆಷಿನ್ನೂ ಅಡ ಇಡ್ತಾರೆ. ಮೊದಲು ಈ ಸಾಲದ ಬಗ್ಗೆ ಕೂತು ಮಾತಾಡೋ ಕೆಲಸ ಆಗಬೇಕು' ಅಂದರು. ಅಧಿಕಾರಿ ಕಾರ್ಡ್ ಮುಟ್ಟಲಿಲ್ಲ. 'ಇದು ನಮ್ಮ ಸ್ಕೋಪ್‌ನಲ್ಲಿ ಬರಲ್ಲ' ಅಂತ ಹೇಳಿ, ಟೈಲರಿಂಗ್‌ಗೆ ಎಷ್ಟು ಜನ ಫಲಾನುಭವಿಗಳು ಸಿಗುತ್ತಾರೆ ಅಂತ ಹುಡುಗನನ್ನು ಕೇಳಿದರು.

ಮುಂದೆ ಏನಾಯಿತು ಅಂತ ನಿಮಗೂ ಗೊತ್ತು. ಸಾಲ ವಸೂಲಿಯ ಕಿರುಕುಳಕ್ಕೆ ನಮ್ಮ ಭಾಗದ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ, ಜೀವ ಕಳೆದುಕೊಂಡ ಸುದ್ದಿ ದಿನಾ ಪೇಪರಿನಲ್ಲಿ ಬರತೊಡಗಿತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಹೊತ್ತಿಗೆ ಎಲ್ಲರಿಗೂ ಮೈಕ್ರೋಫೈನಾನ್ಸ್ ಬಗ್ಗೆ ಅರಿವು ಕಾರ್ಯಕ್ರಮ ಬೇಕಾಗಿತ್ತು. ಅಕ್ಕ ಅದನ್ನು ತಿಂಗಳುಗಟ್ಟಲೆ ಮೊದಲೇ ನಾಲ್ಕು ಕಾರ್ಡ್ ಇಟ್ಟು ತೋರಿಸಿದ್ದರು. ಇದು ಯಾವ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದರೂ ತಾನಾಗಿ ಬರುವ ತಿಳಿವಳಿಕೆ ಅಲ್ಲ. ನೀವು ಸಂಸ್ಥೆಗೆ ಹಣ ಕೊಡುವುದೇ ಇಂಥ ತಿಳಿವಳಿಕೆಗಾಗಿ ತಾನೇ? ಹಾಗಿದ್ದ ಮೇಲೆ ಅದು ಇರುವವರ ಮುಖ ನೋಡಿ ಮಾತಾಡಿ ಅಂತ ಕೇಳುವುದು ಜಾಸ್ತಿ ಆಯ್ತಾ?

ಈಗ ಹಣದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದ್ರೆ 'ನಮಗೂ ಕೊಡೋಕೆ ಮನಸ್ಸಿದೆ ಮೇಡಂ, ಕಾನೂನು ಬಿಡಲ್ಲ' ಅನ್ನುವ ಉತ್ತರ ನಮಗೆ ಬಂದಷ್ಟು ಸಲ ಬೇರೆ ಯಾವ ಉತ್ತರವೂ ಬಂದಿಲ್ಲ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿಯಾದ ಮಿತಿಗಿಂತ ದೊಡ್ಡದಾದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಇದ್ದರೂ ಸಾಕು, ಈ ನಿಯಮಕ್ಕೆ ಬರುತ್ತೀರಿ. ನೀವು ಎಲ್ಲಿ ಕಾರ್ಖಾನೆ ನಡೆಸುತ್ತೀರೋ ಆ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ನಂಜನಗೂಡು, ಹೆಬ್ಬಾಳ, ಹೂಟಗಳ್ಳಿಯಲ್ಲಿ ಕಾರ್ಖಾನೆ ಇರುವವರಿಗೆ ಇದು ಗೊತ್ತಿರುವ ಮಾತೇ.

ನಿಮ್ಮ ಬಜೆಟ್ ಎಕ್ಸೆಲ್ ಶೀಟಿನಲ್ಲಿ 'ಆಡಳಿತ ವೆಚ್ಚ' ಅಂತ ಒಂದು ಸಾಲು ಇರುತ್ತದೆ. ಅದರ ಪಕ್ಕದಲ್ಲಿ ಶೇ. 5 ಅಂತ ಮೊದಲೇ ತುಂಬಿ ಲಾಕ್ ಮಾಡಿರುತ್ತೀರಿ. ಆ ಒಂದು ಸಾಲಿನೊಳಗೆ ನಿರ್ದೇಶಕಿಯ ಸಂಬಳ, ಅಕೌಂಟೆಂಟ್ ಸಂಬಳ, ಆಡಿಟ್ ಫೀಸು, ಆಫೀಸ್ ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ಹಿಡಿಸಬೇಕು. ಕೇಳಿದರೆ ಸಿಎಸ್‌ಆರ್ ನಿಯಮ ಅನ್ನುತ್ತೀರಿ. ದಯವಿಟ್ಟು ಆ ನಿಯಮವನ್ನು ಇನ್ನೊಂದು ಸಲ ಓದಿ. ಶೇ. 5ರ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ಖರ್ಚು ಅದರೊಳಗೆ ಬರುವುದಿಲ್ಲ ಅಂತ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೇ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಅಂದರೆ ನಮ್ಮ ಅಕ್ಕನಿಗೆ ಸರಿಯಾದ ಸಂಬಳ ಕೊಡಬೇಡಿ ಅಂತ ಯಾವ ಕಾನೂನೂ ನಿಮಗೆ ಹೇಳಿಲ್ಲ.

ಇನ್ನೊಂದು, ಅವಧಿ. ಬಹುತೇಕ ಎಲ್ಲರೂ ಒಂದು ವರ್ಷಕ್ಕೆ ಮಾತ್ರ ಹಣ ಕೊಡುತ್ತೀರಿ. ಒಪ್ಪಂದಕ್ಕೆ ಸಹಿ ಬೀಳುವಾಗ ಆಗಸ್ಟ್, ಮೊದಲ ಕಂತು ಬರುವಾಗ ದಸರಾ, ಮಾರ್ಚ್ ಬಂದರೆ ಯುಟಿಲೈಸೇಷನ್ ಸರ್ಟಿಫಿಕೇಟ್ (ಹಣ ಖರ್ಚಾದ ದೃಢೀಕರಣ ಪತ್ರ) ಕೊಡಿ ಅಂತ ಫೋನು. ಕೈಗೆ ಸಿಗುವುದು ಆರು ತಿಂಗಳು. ಏಪ್ರಿಲ್‌ನಿಂದ ಮುಂದಿನ ಒಪ್ಪಂದದ ತನಕ ಕಾರ್ಯಕರ್ತೆಯರಿಗೆ ಸಂಬಳ ಎಲ್ಲಿಂದ ತರಬೇಕು? ನಮ್ಮ ಅಕ್ಕ ತಮ್ಮ ಒಡವೆ ಗಿರವಿ ಇಟ್ಟು ಸಂಬಳ ಕೊಟ್ಟಿದ್ದಾರೆ. ಸಾಲದ ಬಲೆಯಿಂದ ಹೆಂಗಸರನ್ನು ಬಿಡಿಸುವ ಕೆಲಸ ಮಾಡುವವರು, ಆ ಕೆಲಸ ನಿಲ್ಲದಿರಲಿ ಅಂತ ತಾವೇ ಗಿರವಿ ಅಂಗಡಿಗೆ ಹೋಗಿದ್ದಾರೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಸಿಎಸ್‌ಆರ್ ನಿಯಮಗಳಲ್ಲಿ 'ಚಾಲ್ತಿಯಲ್ಲಿರುವ ಯೋಜನೆ' ಅನ್ನುವ ಅವಕಾಶ ಇದೆ. ಶುರುವಾದ ವರ್ಷ ಬಿಟ್ಟು ಮುಂದಿನ 3 ವರ್ಷದ ತನಕ ಒಂದೇ ಯೋಜನೆಯನ್ನು ನಡೆಸಬಹುದು, ಆ ವರ್ಷ ಖರ್ಚಾಗದ ಹಣವನ್ನು ಬೇರೆ ಬ್ಯಾಂಕ್ ಖಾತೆಗೆ ಹಾಕಿ ಮುಂದಕ್ಕೆ ಒಯ್ಯಬಹುದು. ಕಟ್ಟಡ ಕಟ್ಟುವಾಗ ಈ ಅವಕಾಶ ನೆನಪಾಗುತ್ತದೆ. ಜನರ ಜೊತೆ ಮಾಡುವ ಕೆಲಸಕ್ಕೆ ಯಾಕೆ ನೆನಪಾಗುವುದಿಲ್ಲ?

ಫಾರಿನ್ ಫಂಡ್ ತಗೊಳ್ಳಿ ಅನ್ನುವವರೂ ಇದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಬರುತ್ತಿದ್ದ ಆ ದಾರಿ ಮುಚ್ಚಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಹೀಗಾಗಿ ನಮ್ಮಂಥವರಿಗೆ ಉಳಿದಿರುವುದು ಸ್ಥಳೀಯ ಕಂಪನಿಗಳು, ಸ್ಥಳೀಯ ದಾನಿಗಳು. ಅದಕ್ಕೇ ನಿಮ್ಮ ಎಕ್ಸೆಲ್ ಶೀಟಿನ ಒಂದು ಸಾಲು ನಮಗೆ ಇಷ್ಟು ದೊಡ್ಡ ವಿಷಯ.

'ಸೇವೆಗೆ ಬಂದವರಿಗೆ ಸಂಬಳದ ಆಸೆ ಯಾಕೆ?' ಈ ಮಾತು ನಮ್ಮ ಊರುಗಳಲ್ಲಿ ತುಂಬ ಒಳ್ಳೆಯವರ ಬಾಯಲ್ಲೂ ಬರುತ್ತದೆ. ನಮ್ಮ ಹಿಂದಿನ ತಲೆಮಾರಿನವರು ಸಂಬಳ ಇಲ್ಲದೆ ದುಡಿದದ್ದು ನಿಜ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಯುವಕರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ ಎಚ್.ಡಿ. ಕೋಟೆಯ ಕಾಡಂಚಿಗೆ ಹೋದರು. ಅಂಥವರ ತ್ಯಾಗ ದೊಡ್ಡದು, ಅದನ್ನು ಯಾರೂ ಕಡಿಮೆ ಮಾಡಲಾಗದು. ಆದರೆ ಸುತ್ತಮುತ್ತಲಿನ ಸಂಸ್ಥೆಗಳನ್ನು ನೋಡುತ್ತಾ ಬಂದ ಮೇಲೆ ನನಗೆ ಅನಿಸಿದ್ದು ಇಷ್ಟು. ಸಂಬಳವಿಲ್ಲದ 'ಗೌರವ ಕಾರ್ಯದರ್ಶಿ' ಆಗಲು ಮನೆಯಲ್ಲಿ ಬೇರೆ ಏನಾದರೂ ಇರಬೇಕು. ಪೆನ್ಷನ್ ಇರಬೇಕು, ಇಲ್ಲವೇ ನಾಲೆ ನೀರಿನ ಗದ್ದೆ ಇರಬೇಕು, ಇಲ್ಲವೇ ಗಂಡನಿಗೋ ಹೆಂಡತಿಗೋ ಸರ್ಕಾರಿ ಕೆಲಸ ಇರಬೇಕು. ಕೂಲಿ ಮಾಡುವ ಮನೆಯಿಂದ ಬಂದ ಹೆಣ್ಣುಮಗಳಿಗೆ ಇದ್ಯಾವುದೂ ಇಲ್ಲ. ಸಂಬಳ ಕೊಡದ ಕುರ್ಚಿಗೆ ಅವಳು ಎಷ್ಟೇ ಯೋಗ್ಯಳಾದರೂ ಬಂದು ಕೂರಲು ಆಗುವುದಿಲ್ಲ. ಅವಳ ಜೊತೆ ಓದಿದವರು ಬೆಳಿಗ್ಗೆ ವ್ಯಾನ್ ಹತ್ತಿ ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಅಲ್ಲಿ ಪಿಎಫ್, ಇಎಸ್‌ಐ ಆದರೂ ಇದೆ. ನಮ್ಮಲ್ಲಿ ಎಷ್ಟು ಕಡೆ ಅದಿದೆ? ಹತ್ತು ಜನ ಕೆಲಸ ಮಾಡುವ ಸಂಸ್ಥೆ ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನು ಇದೆ. ಕೊಡಲೇಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ಆ ಹಣಕ್ಕೆ, ಗ್ರಾಚುಯಿಟಿಗೆ ನಿಮ್ಮ ಬಜೆಟ್ ಶೀಟಿನಲ್ಲಿ ಒಂದು ಸಾಲು ನಾನು ಈ ತನಕ ನೋಡಿಲ್ಲ.

ಟ್ರಸ್ಟಿಗಳೇ, ಇನ್ನು ನಿಮ್ಮ ಹತ್ತಿರ ಮಾತು. ನಿಮ್ಮಲ್ಲಿ ಹಲವರನ್ನು ನಾನು ಗೌರವದಿಂದ ನೋಡುತ್ತೇನೆ, ನಮ್ಮ ಸ್ಥಾಪಕರು ನನಗೆ ಅಕ್ಷರಶಃ ಕೆಲಸ ಕಲಿಸಿದವರು. ಆದರೂ ಹೇಳಬೇಕು.

ನಮ್ಮ ಸುತ್ತಲಿನ ಸಂಸ್ಥೆಗಳ ಟ್ರಸ್ಟಿಗಳ ಪಟ್ಟಿ ನೋಡಿದರೆ ನಿವೃತ್ತ ಅಧಿಕಾರಿಗಳು, ಡಾಕ್ಟರುಗಳು, ಪ್ರೊಫೆಸರುಗಳು, ಉದ್ಯಮಿಗಳು. ಹೆಚ್ಚಿನವರ ಮನೆ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದಲ್ಲಿ. ಕೆಲಸ ನಡೆಯುವುದು ಆದಿವಾಸಿಗಳ ಹಾಡಿಗಳಲ್ಲಿ, ದಲಿತ ಕೇರಿಗಳಲ್ಲಿ. ನನಗೆ ಗೊತ್ತಿರುವ ಒಂದು ಸಂಸ್ಥೆ ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಯೊಂದರಿಂದ ಒಬ್ಬ ಜೇನುಕುರುಬ ಹೆಣ್ಣುಮಗಳನ್ನು ಟ್ರಸ್ಟಿ ಮಾಡಿತು. ಫೋಟೋ ಹಾಕಿದರು, ಎಲ್ಲರೂ ಮೆಚ್ಚಿದರು. ಸಭೆ ಮಾತ್ರ ಮೊದಲಿನ ಹಾಗೆಯೇ ಮೈಸೂರಿನಲ್ಲಿ, ಸಂಜೆ ಆರು ಗಂಟೆಗೆ, ಯಾಕಂದ್ರೆ ಡಾಕ್ಟರ್ ಟ್ರಸ್ಟಿಗೆ ಕ್ಲಿನಿಕ್ ಮುಗಿಯುವುದು ಆಗ. ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ ಟಿಕೆಟ್ಟಿನ ಚಿಂತೆ ಇಲ್ಲ, ಆದರೆ ಸಭೆ ಮುಗಿದ ಮೇಲೆ ಹಾಡಿಯ ತನಕ ಹೋಗಲು ಬಸ್ಸೇ ಇರಬೇಕಲ್ವಾ? ನಡಾವಳಿ ಇಂಗ್ಲಿಷ್‌ನಲ್ಲಿ. ಎರಡು ಸಭೆಗೆ ಬಂದಳು, ಆಮೇಲೆ ಪುಸ್ತಕವನ್ನೇ ಹಾಡಿಗೆ ಕಳಿಸಿ ಸಹಿ ಹಾಕಿಸಿಕೊಂಡು ಬರತೊಡಗಿದರು. ಅವಳ ಹೆಸರು ಇನ್ನೂ ಪಟ್ಟಿಯಲ್ಲಿದೆ.

ಚೆಕ್ ವಿಷಯವೂ ಹೀಗೆಯೇ. ಹೊಸ ನಿರ್ದೇಶಕಿ ಬಂದರೂ ಬ್ಯಾಂಕಿನಲ್ಲಿ ಸಹಿ ಹಳಬರದ್ದೇ. ಒಬ್ಬ ಕಾರ್ಯಕರ್ತೆಗೆ ಆಸ್ಪತ್ರೆ ಖರ್ಚಿಗೆ ಮುಂಗಡ ಕೊಡಬೇಕಾದರೆ ಅಕ್ಕ ಇಬ್ಬರು ಟ್ರಸ್ಟಿಗಳ ಮನೆ ಬಾಗಿಲಿಗೆ ಹೋಗಿ ಕಾಯಬೇಕು. ಒಬ್ಬರು ಮಗಳ ಮನೆಗೆ ಅಮೆರಿಕಕ್ಕೆ ಹೋಗಿದ್ದರೆ ಮೂರು ತಿಂಗಳು ಎಲ್ಲ ನಿಂತಿತು. ಪದಾಧಿಕಾರಿಗಳು ಬದಲಾದರೆ ಎಫ್‌ಸಿಆರ್‌ಎ, ಆದಾಯ ತೆರಿಗೆ, ಬ್ಯಾಂಕ್, ನೋಂದಣಿ ಕಚೇರಿ ಅಂತ ಕಾಗದ ಪತ್ರ ತುಂಬ ಆಗುತ್ತದೆ, ಅದು ನನಗೂ ಗೊತ್ತು, ಆ ಫಾರಂಗಳನ್ನು ತುಂಬುವವಳು ನಾನೇ. ಒಂದು ಸಲ ಕಷ್ಟಪಟ್ಟು ಮಾಡಿಬಿಟ್ಟರೆ ಮುಗಿಯಿತು. ತಡವಾಗುತ್ತಿರುವುದು ಫಾರಂನಿಂದಲ್ಲ, ನಂಬಿಕೆ ಸಾಲದೇ ಇರುವುದರಿಂದ ಅಂತ ನನ್ನ ಅನಿಸಿಕೆ.

ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ ನಮ್ಮ ರಾಜ್ಯದ ಕಾನೂನು ಹೇಳುತ್ತದೆ. ಷೇರು ಪೇಟೆಯಲ್ಲಿರುವ ಕಂಪನಿಯ ಬೋರ್ಡಿನಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು ಅಂತ ಅದೇ ಕಂಪನಿ ಕಾಯ್ದೆ ಹೇಳುತ್ತದೆ. ಮಹಿಳಾ ಸಬಲೀಕರಣದ ಹೆಸರಲ್ಲಿ ನೋಂದಾಯಿಸಿದ ಟ್ರಸ್ಟ್‌ಗೆ ಇಂಥ ಬಂಧನ ಇಲ್ಲ. ಕಾನೂನು ಇಲ್ಲ ಅಂದ ಮಾತ್ರಕ್ಕೆ ನಾವೇ ಮಾಡಿಕೊಳ್ಳಬಾರದು ಅಂತೇನೂ ಇಲ್ಲ.

'ಅರ್ಹತೆ ನೋಡಬೇಕಲ್ವಾ' ಅನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಮೈಸೂರಿನಲ್ಲಿ ಈ ಚರ್ಚೆ ನೂರು ವರ್ಷ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಸರ್ಕಾರಿ ಕೆಲಸಗಳಲ್ಲಿ ಒಂದೇ ವರ್ಗದವರು ತುಂಬಿದ್ದರು, ಉಳಿದವರಿಗೆ ದಾರಿ ಮಾಡುವುದು ಹೇಗೆ ಅನ್ನುವುದು ಪ್ರಶ್ನೆ. ದಕ್ಷತೆ ಹಾಳಾಗುತ್ತದೆ ಅನ್ನುವ ಆತಂಕ ಆಗಲೂ ಇತ್ತು. ದಿವಾನ್ ವಿಶ್ವೇಶ್ವರಯ್ಯನವರಿಗೂ ಇದು ಒಪ್ಪಿಗೆಯಾಗಿರಲಿಲ್ಲ, ಅವರು ಹುದ್ದೆ ಬಿಡಲು ಇದೂ ಒಂದು ಕಾರಣ ಅನ್ನುತ್ತಾರೆ. ಮಂಡ್ಯದವಳಾಗಿ ನನಗೆ ಇಬ್ಬರ ಮೇಲೂ ಗೌರವ ಇದೆ, ಇಬ್ಬರ ಕೆಲಸದ ಫಲವನ್ನೂ ನಾವು ಉಣ್ಣುತ್ತಿದ್ದೇವೆ. ಆದರೆ ಈ ಒಂದು ವಿಷಯದಲ್ಲಿ ನಾಲ್ವಡಿಯವರ ನಿಲುವೇ ಸರಿ ಅಂತ ನನಗೆ ಯಾವ ಅನುಮಾನವೂ ಇಲ್ಲ. ಮಿಲ್ಲರ್ ಸಮಿತಿಯ ಮುಂದೆ ಬರೀ ಹುದ್ದೆಯ ಪ್ರಶ್ನೆ ಇರಲಿಲ್ಲ, ಹಿಂದುಳಿದವರ ಓದಿಗೆ ಏನು ಸವಲತ್ತು ಕೊಡಬೇಕು ಅನ್ನುವುದೂ ಇತ್ತು. ಎರಡನ್ನೂ ಒಟ್ಟಿಗೆ ಯೋಚಿಸಿದರು. ನಾವು ಈಗ ಹುದ್ದೆ ಕೊಟ್ಟು ಸುಮ್ನೆ ಕೈ ತೊಳೆದುಕೊಳ್ಳುತ್ತಿದ್ದೇವೆ.

ಅಕ್ಕನಿಗೆ ಬ್ಯಾಲೆನ್ಸ್ ಶೀಟ್ ಓದುವುದನ್ನು ಯಾರೂ ಕೂತು ಕಲಿಸಲಿಲ್ಲ. ಎರಡು ದಿನದ ಲೀಡರ್‌ಶಿಪ್ ಟ್ರೈನಿಂಗ್ ಅಂತ ಬೆಂಗಳೂರಿಗೆ ಕಳಿಸಿದರು, ಅದು ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಕೊನೆಗೆ ನಮ್ಮ ಆಡಿಟರ್ ಆಫೀಸಿನ ಒಬ್ಬ ಹಿರಿಯರು ಭಾನುವಾರಗಳಲ್ಲಿ ಕನ್ನಡದಲ್ಲಿ ಹೇಳಿಕೊಟ್ಟರು. ಸಂಘದ ಲೆಕ್ಕ ಬರೆದ ಕೈ ಅದು, ಬೇಗ ಹಿಡಿದುಕೊಂಡಿತು. ಈಗ 12ಎ, 80ಜಿ ಅನ್ನುವ ಆದಾಯ ತೆರಿಗೆ ನೋಂದಣಿಗಳ ನವೀಕರಣದ ತಾರೀಖು ನನಗಿಂತ ಮೊದಲು ಅವರಿಗೇ ನೆನಪಿರುತ್ತದೆ. ಇದನ್ನು ವ್ಯವಸ್ಥಿತವಾಗಿ, ಹಣ ಕೊಟ್ಟು, ಮೈಸೂರು ಮಂಡ್ಯದಲ್ಲೇ, ಕನ್ನಡದಲ್ಲೇ ಮಾಡಲು ಎಷ್ಟು ಖರ್ಚಾದೀತು? ನಿಮ್ಮ ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನ, ಹಾರ, ಊಟದ ಖರ್ಚಿನಲ್ಲಿ ಒಂದು ತಂಡಕ್ಕೆ ಆಗುತ್ತದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕಂಪನಿಯವರು ಪ್ರಪೋಸಲನ್ನು ಕನ್ನಡದಲ್ಲಿ ತೆಗೆದುಕೊಳ್ಳಿ, ಸಂದರ್ಶನವನ್ನೂ ಕನ್ನಡದಲ್ಲಿ ಮಾಡಿ, ಬೇಕಾದರೆ ಅನುವಾದದ ಖರ್ಚು ನೀವು ಹಾಕಿಕೊಳ್ಳಿ. ಶೇ. 5ರ ಆ ಲಾಕ್ ತೆಗೆಯಿರಿ. ನಿರ್ದೇಶಕಿಯ ಸಂಬಳವನ್ನು ಯೋಜನೆಯ ಖರ್ಚಾಗಿಯೇ ನೋಡಿ, ಅವರಿಲ್ಲದೆ ಯೋಜನೆ ಇಲ್ಲ. ಕನಿಷ್ಠ 3 ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳಿ. ಟ್ರಸ್ಟಿಗಳು ಸಭೆಯನ್ನು ಎರಡು ಸಲಕ್ಕೊಮ್ಮೆಯಾದರೂ ಕೆಲಸ ನಡೆಯುವ ಊರಿನಲ್ಲಿ, ಹಗಲು ಹೊತ್ತು ಇಟ್ಟುಕೊಳ್ಳಿ, ನಡಾವಳಿ ಕನ್ನಡದಲ್ಲಿ ಬರೆಯಿರಿ. ದಿನಗೂಲಿ ಬಿಟ್ಟು ಬರುವ ಟ್ರಸ್ಟಿಗೆ ಆ ದಿನದ ಕೂಲಿ ಕೊಡಿ. ನಿರ್ದೇಶಕಿಗೆ ಒಂದು ಮಿತಿಯ ತನಕ ತಾವೇ ಸಹಿ ಹಾಕಿ ಹಣ ಕೊಡುವ ಅಧಿಕಾರ ಕೊಡಿ, ಆ ಮಿತಿ ಎಷ್ಟು ಅಂತ ಅವರನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ. ಲೆಕ್ಕ ತಪ್ಪಿದರೆ ಕೇಳಿ, ಖಂಡಿತ ಕೇಳಿ. ಸ್ಥಾಪಕರನ್ನು ಕೇಳುತ್ತಿದ್ದಷ್ಟೇ ಕಟ್ಟುನಿಟ್ಟಾಗಿ, ಅಷ್ಟೇ ಗೌರವವಾಗಿ ಕೇಳಿ.

ಮುಂದಿನ ವರ್ಷದ ಸಿಎಸ್‌ಆರ್ ಯೋಜನೆ ನಿಮ್ಮ ಬೋರ್ಡಿನ ಮುಂದೆ ಹೋಗುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ಕಡೆ ಬನ್ನಿ. ಮೈಸೂರು, ಮಂಡ್ಯದ ಹತ್ತಾರು ಸಣ್ಣ ಸಂಸ್ಥೆಗಳ ಅಕ್ಕಂದಿರನ್ನು ಒಂದೇ ಕಡೆ ಸೇರಿಸುವ ಜವಾಬ್ದಾರಿ ನನ್ನದು. ಬಿಸಿಲೇರುವ ಮುಂಚೆ ಬಂದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ಎಲ್ಲರೂ ಫೀಲ್ಡ್‌ಗೆ ಹೋಗಬೇಕು. ನಿಮ್ಮ ಬಜೆಟ್ ಶೀಟ್ ತನ್ನಿ. ಅವರ ಜೊತೆ ಕೂತು ಒಂದೊಂದು ಸಾಲಾಗಿ ನೋಡೋಣ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಕಾರ್ಯಕರ್ತೆ